ಕೂತಾಗಿನ ಅಳತೆ

ನನ್ನ ನೋಟ್‌ಬುಕ್ಕಿನಲ್ಲಿ ಏಳು ಕಾಲಂಗಳಿವೆ: ತಾರೀಖು, ಮನೆ ಬಿಟ್ಟ ಸಮಯ, ಆಸ್ಪತ್ರೆ ಮುಟ್ಟಿದ ಸಮಯ, ಮೊದಲಿನ ತೂಕ, ಆಮೇಲಿನ ತೂಕ, ಕುಡಿದ ನೀರು, ಷರಾ. ಜೂನ್ ಹದಿನಾಲ್ಕರಂದು ಚಿಕ್ಕಮ್ಮನಿಗೆ ಮೊದಲ ಸಲ ಡಯಾಲಿಸಿಸ್ ಆದಾಗ, ತೂಕವನ್ನೂ ಎಷ್ಟು ಲೋಟ ನೀರು ಕುಡಿದರೆಂಬುದನ್ನೂ ದಿನಾ ಬರೆದಿಡಿ ಎಂದು ಡಾಕ್ಟರು ಹೇಳಿದ್ದರು. ಉಳಿದ ಕಾಲಂಗಳು ನಾನೇ ಹಾಕಿಕೊಂಡವು.

ಚಿಕ್ಕಮ್ಮ ಎಂದರೆ ಅಪ್ಪನ ತಮ್ಮನ ಹೆಂಡತಿ. ವಯಸ್ಸು ನಲವತ್ತೊಂದು. ಊರಿನ ಅರ್ಧ ಹೆಂಗಸರ ರವಿಕೆ ಹೊಲಿದವರು. ಅಪ್ಪ ಅಮ್ಮ ಸೊರಬದಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದಾರೆ. ಡಿಗ್ರಿ ಮುಗಿಸಿ ಕೂತಿದ್ದ ನನ್ನನ್ನು, ಚಿಕ್ಕಮ್ಮನ ಜೊತೆಗೆ ಒಬ್ಬರು ಬೇಕು ಎಂದು ಹಳ್ಳಿಗೆ ಕಳಿಸಿದರು. ಅಲ್ಲಿ ಚಿಕ್ಕಪ್ಪ, ಚಿಕ್ಕಮ್ಮ, ಅಜ್ಜಿ ಮತ್ತು ನಾನು.

ಡಯಾಲಿಸಿಸ್‌ಗೆ ಜಾಗ ಸಿಕ್ಕಿದ್ದು ಶಿಕಾರಿಪುರದಲ್ಲಿ. ಬುಧವಾರ ಮತ್ತು ಶನಿವಾರ, ಬೆಳಿಗ್ಗೆ ಏಳೂವರೆಯ ಪಾಳಿ, ನಾಲ್ಕು ಗಂಟೆ. ಡಾಂಬರು ರಸ್ತೆಯ ಮೇಲೆ ಒಂದು ಗಂಟೆ ಹತ್ತು ನಿಮಿಷ ಸಾಕು. ತೊಂದರೆ ಇದ್ದದ್ದು ಡಾಂಬರಿಗೆ ಸೇರುವ ಮೊದಲಿನ ಎರಡೂವರೆ ಕಿಲೋಮೀಟರಿನಲ್ಲಿ. ಗದ್ದೆ ಏರಿಯ ಪಕ್ಕದ ಗಾಡಿ ದಾರಿ, ನಡುವೆ ಒಂದು ಹಳ್ಳ. ಜೂನ್ ಕೊನೆಯಲ್ಲಿ ಬೈಕಿನ ಹಿಂದೆ ಕೂತು ಹೋಗುವಾಗ ಚಿಕ್ಕಮ್ಮ ತಲೆ ತಿರುಗಿ ಬಿದ್ದರು. ಇನ್ನು ಬೈಕು ಬೇಡವೇ ಬೇಡ ಎಂದು ಡಾಕ್ಟರು ಹೇಳಿದರು. ಆಟೋದವರು ಹಳ್ಳದ ಆಚೆಗೇ ನಿಲ್ಲಿಸುತ್ತಿದ್ದರು.

ಉಳಿದದ್ದು ಚಿಕ್ಕಪ್ಪನ ಹಳೆಯ ಪಿಕಪ್. ನಾಲ್ಕೂ ಚಕ್ರ ಎಳೆಯುವ ಗಾಡಿ. ಶುಂಠಿ, ಅನಾನಸ್ ಹೇರಲು ತಂದದ್ದು. ಅದೂ ಜುಲೈನಲ್ಲಿ ಎರಡು ಸಲ ಹಳ್ಳದಲ್ಲಿ ಹೊಟ್ಟೆ ತಾಗಿಸಿ ನಿಂತಿತು. ಚಿಕ್ಕಪ್ಪ ಅದನ್ನು ಸೊರಬಕ್ಕೆ ಒಯ್ದು, ಸ್ಪ್ರಿಂಗಿಗೆ ಹೆಚ್ಚಿನ ಪ್ಲೇಟು ಹಾಕಿಸಿ, ಸ್ಟೆಪ್ನಿಯೂ ಸೇರಿ ಐದು ದೊಡ್ಡ ಟಯರು ಹಾಕಿಸಿಕೊಂಡು ಬಂದರು. ಗಾಡಿ ಎತ್ತರವಾಯಿತು, ಹಳ್ಳ ಸಲೀಸಾಯಿತು. ಆದರೆ ಚಿಕ್ಕಮ್ಮನಿಗೆ ಹತ್ತಲು ಮುಕ್ಕಾಲಿ ಬೇಕಾಯಿತು.

"ನಂಗೋಸ್ಕರ ಎತ್ತರ ಮಾಡ್ಸಿದಾರಂತೆ. ಹತ್ತೋಕೆ ಮಾತ್ರ ನಂಗೇ ಆಗಲ್ಲ" ಎಂದು ಅವರು ಮೊದಲ ದಿನವೇ ಹೇಳಿದರು.

ಗಾಡಿ ಎತ್ತರವಾದಾಗ ಅದರ ಜಾಕ್ ಹಳೆಯದೇ ಉಳಿದಿತ್ತು. ಅದು ನಮಗೆ ಗೊತ್ತಾದದ್ದು ಆಗಸ್ಟ್ ಇಪ್ಪತ್ತರಂದು, ಹಿಂದಿನ ಚಕ್ರ ಡಾಂಬರಿನ ಮೇಲೆ ಪಂಚರ್ ಆದಾಗ. ಜಾಕನ್ನು ಪೂರ್ತಿ ತಿರುಗಿಸಿದರೂ ಚಕ್ರ ನೆಲ ಬಿಡಲಿಲ್ಲ. ಚಿಕ್ಕಪ್ಪ ಅದರ ಕೆಳಗೆ ಎರಡು ಕಲ್ಲು ಪೇರಿಸಿ ಮತ್ತೆ ಎತ್ತಿದರು. ಚಕ್ರ ಬಿಚ್ಚಿ ಇನ್ನೇನು ಸ್ಟೆಪ್ನಿ ಹಿಡಿಯಬೇಕು, ಕಲ್ಲು ಹೊರಳಿ ಗಾಡಿ ಧೊಪ್ಪೆಂದು ಕೂತಿತು. ಅವರ ಕೈ ಅಲ್ಲಿಂದ ಹೊರಬಂದು ಒಂದು ಉಸಿರಿನಷ್ಟು ಹೊತ್ತೂ ಆಗಿರಲಿಲ್ಲ. ಅಂದು ನಲವತ್ತು ನಿಮಿಷ ತಡ. ಷರಾದಲ್ಲಿ ಬರೆದೆ: "ಜಾಕ್ ಕುಳ್ಳು. ಬೇರೆ ಬೇಕು."

ಚಿಕ್ಕಪ್ಪ ನಮ್ಮನ್ನು ಆಸ್ಪತ್ರೆಗಿಳಿಸಿ ಶುಂಠಿ ಗದ್ದೆಯ ಗೊಬ್ಬರ, ಔಷಧಿ ಎಂದು ಓಡಾಡುತ್ತಿದ್ದರು. ಶಿಕಾರಿಪುರದಲ್ಲಿ ಚಿಕ್ಕಮ್ಮ ಮಿಷನ್ನಿಗೆ ಜೋಡಿಕೊಂಡು ಮಲಗುವ ನಾಲ್ಕು ಗಂಟೆ ನನಗೆ ಬೇರೆ ಕೆಲಸವಿರುತ್ತಿರಲಿಲ್ಲ. ಹಾಗಾಗಿ ಜಾಕ್ ಆರಿಸುವ ಕೆಲಸ ನಾನೇ ಕೇಳಿ ತೆಗೆದುಕೊಂಡೆ. ಯಾರೂ ಒತ್ತಾಯ ಮಾಡಲಿಲ್ಲ. ಇದನ್ನು ಬರೆದಿಡಬೇಕು.

ಆಗಸ್ಟ್ ಇಪ್ಪತ್ಮೂರರ ಶನಿವಾರ ಮೂರು ಅಂಗಡಿ ನೋಡಿದೆ. ಮುಂದಿನ ಬುಧವಾರ ಗಣೇಶನ ಹಬ್ಬ, ಎಲ್ಲ ಮುಚ್ಚಿದ್ದವು. ಮೂವತ್ತರಂದು ಬಸ್‌ಸ್ಟ್ಯಾಂಡಿನ ಹತ್ತಿರದ ಬಿಡಿಭಾಗದ ಅಂಗಡಿಗೆ ಹೋದೆ. ಅಂಗಡಿಯವರು ವಯಸ್ಸಾದವರು, ವಿಭೂತಿ, ಮೂಗಿನ ತುದಿಯಲ್ಲಿ ಕನ್ನಡಕ.

"ಏನ್ ಬೇಕವ್ವಾ?"

"ಪಿಕಪ್ಪಿಗೆ ಜಾಕ್. ಫೋರ್ ವೀಲ್ ಗಾಡಿ. ಎತ್ತರ ಮಾಡಿಸಿದೀವಿ."

"ಎಷ್ಟು ಎತ್ತರ ಐತಿ?"

ನನ್ನ ನೋಟ್‌ಬುಕ್ಕಿನಲ್ಲಿ ಚಿಕ್ಕಮ್ಮನ ತೂಕ ಗ್ರಾಮಿನ ಮಟ್ಟಕ್ಕೆ ಇತ್ತು, ಗಾಡಿಯ ಎತ್ತರ ಇರಲಿಲ್ಲ. ಅಳೆದುಕೊಂಡು ಬರುತ್ತೇನೆ ಎಂದೆ.

"ಮನ್ಯಾಗ ಗಂಡಸ್ರು ಯಾರೂ ಇಲ್ಲೇನ್ರೀ?"

ಅವರ ದನಿಯಲ್ಲಿ ಕುಹಕವಿರಲಿಲ್ಲ. ಬಹುಶಃ ಭಾರದ ಸಾಮಾನು, ಹುಡುಗಿ ಹೇಗೆ ಹೊರುತ್ತಾಳೆ ಎಂದಷ್ಟೇ ಕೇಳಿದ್ದಿರಬಹುದು. ನನಗೆ ಮಾತ್ರ ಅದು ಮುಳ್ಳಿನ ಹಾಗೆ ಚುಚ್ಚಿಕೊಂಡಿತು. ಮುಂದಿನ ಸಲ ಬರುವಾಗ ಯಾವ ಗಂಡಸೂ ತರದಷ್ಟು ಅಳತೆ ತಂದು ಇವರ ಮುಂದಿಡುತ್ತೇನೆ ಎಂದುಕೊಂಡೆ.

ಭಾನುವಾರ ಗಾಡಿಯನ್ನು ಅಂಗಳದ ಸಿಮೆಂಟಿನ ಮೇಲೆ ನಿಲ್ಲಿಸಿಕೊಂಡೆ. ಏರುಪೇರು ಇರಬಾರದೆಂದು ಅಲ್ಲಿ. ಗಾಳಿ ಸರಿಯಾಗಿರಲೆಂದು ಹಿಂದಿನ ದಿನವೇ ನಾಲ್ಕೂ ಟಯರಿಗೆ ಹೊಡೆಸಿಕೊಂಡು ಬಂದಿದ್ದೆವು. ಚಿಕ್ಕಮ್ಮ ಹೊಲಿಗೆಯ ಟೇಪು ಕೊಟ್ಟು ತಾವೂ ಹೊರಬಂದು ಜಗಲಿಯ ತುದಿಯಲ್ಲಿ ಕೂತರು.

"ಎಂಥದೇ, ಗಾಡಿಗೆ ರವಿಕೆ ಹೊಲಿಸ್ತೀಯಾ?"

"ನೀವು ಆ ತುದಿ ಹಿಡ್ಕಳಿ ಚಿಕ್ಕಮ್ಮ."

ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ದಪ್ಪ ಕಬ್ಬಿಣದ ಎಕ್ಸೆಲ್ಲಿನ ಕೆಳಗೆ ಜಾಕ್ ಕೂರಬೇಕು. ನೆಲದಿಂದ ಅಲ್ಲಿಗೆ ಹನ್ನೆರಡು ಇಂಚು. ಮುಂದಿನ ಎಕ್ಸೆಲ್ ಹನ್ನೊಂದೂ ಮುಕ್ಕಾಲು. ಎಡಕ್ಕೂ ಬಲಕ್ಕೂ ಬೇರೆ ಬೇರೆ ಅಳೆದೆ. ಮೂರು ಸಲ ಅಳೆದು ಸರಾಸರಿ ತೆಗೆದೆ. ಚಿಕ್ಕಮ್ಮ ನೋಡುತ್ತಲೇ ಇದ್ದರು.

"ನಿಂತಾಗಿನ ಅಳತೆ ಬರಕಂಡೆ. ಕೂತಾಗಿನದು?"

"ಅಂದ್ರೆ?"

"ರವಿಕೆ ಅಳತೆ ಕೊಡೋರು ಸೆಟೆದು ನಿಂತ್ಕಂಡು ಕೊಡ್ತಾರೆ. ಮನೇಗೆ ಹೋಗಿ ಕೂತ್ರೆ ಹೊಲಿಗೆ ಬಿಚ್ತದೆ. ಅದ್ಕೇ ನಾನು ಎಲ್ರನ್ನೂ ಒಂದ್ಸಲ ಕೂರ್ಸಿ ಅಳೀತೀನಿ."

"ಗಾಡಿ ಕೂರಲ್ಲ ಚಿಕ್ಕಮ್ಮ" ಎಂದು ನಕ್ಕೆ. ಅವರೂ ನಕ್ಕರು. ನಾನು ಪುಟ ತಿರುವಿದೆ.

ಸೆಪ್ಟೆಂಬರ್ ಮೂರರಂದು ಅಂಗಡಿಯವರ ಮುಂದೆ ಪುಟ ಬಿಚ್ಚಿಟ್ಟೆ. ಅವರು ಕನ್ನಡಕ ಮೇಲೆ ಸರಿಸಿ ಓದಿ, ಒಳಗಿನಿಂದ ಮೂರು ಜಾಕ್ ತರಿಸಿದರು. ಒಂದು ಆಳೆತ್ತರದ ಉದ್ದ ಜಾಕ್. ಅದು ಗಾಡಿಯ ಬಂಪರನ್ನು ಹಿಡಿದು ಎತ್ತುತ್ತದೆ; ನಮ್ಮ ಬಂಪರ್ ತೆಳು ತಗಡು. ಅದನ್ನು ಅಲ್ಲಿಗೇ ಕೈಬಿಟ್ಟೆ. ಉಳಿದ ಎರಡೂ ಬಾಟಲಿ ಜಾಕ್, ಎಣ್ಣೆಯ ಒತ್ತಡದಲ್ಲಿ ಮೇಲೇಳುವಂಥವು. ದೊಡ್ಡದು ಮಡಚಿದಾಗ ಹತ್ತು ಇಂಚು, ಪೂರ್ತಿ ಎದ್ದಾಗ ಇಪ್ಪತ್ತು. ಚಿಕ್ಕದು ಎಂಟು, ಹದಿನೈದು.

"ಕುಳ್ಳದು ಒಯ್ರಿ" ಎಂದರು ಅವರು. "ಸಾಲದಿದ್ರ ತಳಕ ಒಂದು ಕಟ್ಟಿಗಿ ತುಂಡು ಇಟ್ರಾತು."

ಕಟ್ಟಿಗೆ ತುಂಡು ಎಂಬ ಮಾತು ಕೇಳಿದೊಡನೆ ಉರುಳಿದ ಆ ಕಲ್ಲುಗಳು ನನ್ನ ಕಣ್ಣಮುಂದೆ ಬಂದವು. ಕೆಳಗೆ ಏನೂ ಇಡಬೇಕಾಗಿಲ್ಲದ ಜಾಕ್ ಬೇಕು ಎಂದೇ ನಾನು ಬಂದದ್ದು. ಎಕ್ಸೆಲ್ ಹನ್ನೆರಡು, ಜಾಕ್ ಹತ್ತು. ಎರಡು ಇಂಚು ಜಾಗ ಉಳಿಯುತ್ತದೆ. ಲೆಕ್ಕ ಸ್ವಚ್ಛವಾಗಿತ್ತು. ಅಲ್ಲದೆ ಗಂಡಸರಿಲ್ಲವೇ ಎಂದು ಕೇಳಿದವರ ಸಲಹೆಯನ್ನು ಒಪ್ಪುವ ಮನಸ್ಸೂ ನನಗಿರಲಿಲ್ಲ.

"ದೊಡ್ಡದೇ ಕೊಡಿ" ಎಂದೆ.

"ನಿಮ್ಮಿಷ್ಟ ರೀ. ಎತ್ತೂದು ಎರಡೂ ಎತ್ತತಾವ."

ಮನೆಗೆ ತಂದು ಅದೇ ಸಿಮೆಂಟಿನ ಮೇಲೆ ಪರೀಕ್ಷೆ ಮಾಡಿದೆ. ಹದಿನೆಂಟು ಸಲ ಒತ್ತುವಷ್ಟರಲ್ಲಿ ಚಕ್ರ ನೆಲ ಬಿಟ್ಟಿತು, ನನ್ನ ಒಂದೇ ಕೈಗೆ. ಚಿಕ್ಕಪ್ಪ ಬಗ್ಗಿ ನೋಡಿ, "ಪರವಾಗಿಲ್ಲ ಮಗಳೆ, ನಾನಾಗಿದ್ರೆ ಕಣ್ಣಂದಾಜಲ್ಲಿ ತಂದುಬಿಡ್ತಿದ್ದೆ" ಎಂದರು. ಷರಾದಲ್ಲಿ "ಪಾಸು" ಎಂದು ಬರೆದು ಕೆಳಗೆ ಗೆರೆ ಎಳೆದೆ. ಆ ಗೆರೆ ಈಗಲೂ ಇದೆ.

ಅಕ್ಟೋಬರ್ ಒಂದು, ಬುಧವಾರ, ಆಯುಧಪೂಜೆ. ಹಬ್ಬವಾದ್ದರಿಂದ ಅಂದು ಆಸ್ಪತ್ರೆಯಲ್ಲಿ ಬೆಳಗಿನ ಪಾಳಿ ಒಂದೇ. ಮರುದಿನ ರಜೆ. ನಮ್ಮ ಮುಂದಿನ ಸರದಿ ಶನಿವಾರ. ಬುಧವಾರ ತಪ್ಪಿದರೆ ಶನಿವಾರದಿಂದ ಶನಿವಾರಕ್ಕೆ ಏಳು ದಿನವಾಗುತ್ತದೆ. ಕುಡಿದ ನೀರು ಹೊರಗೆ ಹೋಗುವ ದಾರಿಯಿಲ್ಲದ ಮೈಗೆ ಏಳು ದಿನ ಎಂದರೇನೆಂದು ನರ್ಸಮ್ಮ ಒಮ್ಮೆ ಬಿಡಿಸಿ ಹೇಳಿದ್ದರು: ಮೊದಲು ಕಾಲಿಗೆ, ಆಮೇಲೆ ಶ್ವಾಸಕೋಶಕ್ಕೆ. ಅಂದಿನದು ನಮ್ಮ ಮೂವತ್ತೆರಡನೇ ಪ್ರಯಾಣ.

ನಮ್ಮ ಮನೆಯಲ್ಲಿ ಆಯುಧಪೂಜೆಗೆ ಎಲ್ಲ ಹತಾರಗಳನ್ನೂ ತೊಳೆದು ನಡುಮನೆಯಲ್ಲಿ ಸಾಲಾಗಿ ಇಡುತ್ತಾರೆ. ಗುದ್ದಲಿ, ಹಾರೆ, ಕತ್ತಿ, ಕುಡುಗೋಲು, ಚಿಕ್ಕಮ್ಮನ ಕತ್ತರಿ, ಟೇಪು. ಗಾಡಿಯಲ್ಲಿರುವುದೂ ಇಳಿದು ಬರಬೇಕು. ಅಂದು ಇಡೀ ದಿನ ಅವುಗಳಿಗೆ ವಿಶ್ರಾಂತಿ. ಮರುದಿನ ಬೆಳಿಗ್ಗೆ ಅಜ್ಜಿ ಹೂವು ತೆಗೆದ ಮೇಲೆಯೇ ಮುಟ್ಟಬೇಕು. ನಾವು ಆರಕ್ಕೇ ಹೊರಡಬೇಕೆಂದು ಅಜ್ಜಿ ಐದು ಗಂಟೆಗೇ ಪೂಜೆ ಮುಗಿಸಿದ್ದರು. ಗಾಡಿಯ ನಾಲ್ಕು ಚಕ್ರದಡಿ ನಿಂಬೆಹಣ್ಣು ಇಟ್ಟಾಗಿತ್ತು. ಹೊರಡುವ ಹೊತ್ತಿಗೆ ನಾನು ಸಾಲಿನ ಮುಂದೆ ನಿಂತೆ. ಹೊಸ ಜಾಕ್ ಕುಂಕುಮ, ಸೇವಂತಿಗೆ ಹೊತ್ತು ಕೂತಿತ್ತು. ಅದರ ಪಕ್ಕದಲ್ಲಿ ಗಾಡಿಯಲ್ಲಿ ಸದಾ ಇರುತ್ತಿದ್ದ ಚಿಕ್ಕಪ್ಪನ ಸಣ್ಣ ಗುದ್ದಲಿ, ಕೆಸರಿಗೆಂದು ಇಟ್ಟುಕೊಂಡ ಒಂದು ತೆಳು ಮಾವಿನ ಹಲಗೆ.

"ಅಜ್ಜಿ, ಜಾಕ್ ತಗೊಂಡು ಹೋಗ್ತೀನಿ."

"ಪೂಜೆಗಿಟ್ಟಿದ್ದು ಕಣೇ. ಇವತ್ತೊಂದಿನ ಬಿಡು."

"ದಾರೀಲಿ ಬೇಕಾದ್ರೆ?"

ಅಜ್ಜಿ ಕುಂಕುಮದ ಬಟ್ಟಲು ಕೆಳಗಿಟ್ಟು, "ಒಂದು ತಗೋ ಹಂಗಾದ್ರೆ. ಎಲ್ಲ ಬಳ್ಕಂಡು ಹೋಗ್ಬೇಡ" ಎಂದರು.

ಒಂದು ಸಾಕು ಎಂದು ನಾನೂ ಅಂದುಕೊಂಡೆ. ಹಲಗೆ, ಗುದ್ದಲಿ ಬೇಡವಾಗುವಂಥ ಜಾಕನ್ನೇ ಅಲ್ಲವೆ ನಾನು ಆರಿಸಿದ್ದು.

ಆರು ಹನ್ನೆರಡಕ್ಕೆ ಹಳ್ಳ ಇಳಿಯುವಲ್ಲಿ, ಯಾರೋ ಬೇಲಿಗೆಂದು ಕಡಿದುಹೋಗಿದ್ದ ಬಿದಿರಿನ ಕೂಳೆ ಹಿಂದಿನ ಎಡ ಟಯರಿನ ಬದಿಗೆ ಚುಚ್ಚಿತು. ಗಾಳಿ ಹೋಗುವ ಸದ್ದು ಮೂವರಿಗೂ ಕೇಳಿಸಿತು. ಚಿಕ್ಕಪ್ಪ ಹಳ್ಳ ದಾಟಿಸಿ, ಆಚೆಯ ಕೆಸರಿನಲ್ಲಿ ನಿಲ್ಲಿಸಿದರು. ನನಗೆ ಗಾಬರಿಯಾಗಲಿಲ್ಲ. ಹದಿನೈದು ನಿಮಿಷದ ಕೆಲಸ ಎಂದು ಹೇಳಿ ಕುಂಕುಮದ ಜಾಕ್ ಎತ್ತಿಕೊಂಡು ಇಳಿದೆ.

ಎಕ್ಸೆಲ್ಲಿನ ಕೆಳಗೆ ಅದನ್ನು ನೂಕಿದೆ. ಹೋಗಲಿಲ್ಲ. ಓರೆ ಮಾಡಿ ನೂಕಿದೆ. ತಲೆ ಕಬ್ಬಿಣಕ್ಕೆ ತಾಗಿ ಟಣ್ ಎಂದಿತು. ಬಗ್ಗಿ ನೋಡಿದೆ. ಗಾಳಿ ಹೋದ ಟಯರು ಚಪ್ಪಟೆಯಾಗಿ ಕೆಸರಿಗೆ ಅಂಟಿಕೊಂಡಿತ್ತು. ಅದರ ಜೊತೆ ಎಕ್ಸೆಲ್ಲೂ ಇಳಿದಿತ್ತು. ನಾನು ಅಳೆದಿದ್ದು ಗಾಳಿ ತುಂಬಿದ ನಾಲ್ಕು ಟಯರಿನ ಗಾಡಿಯನ್ನು. ಜಾಕ್ ಬೇಕಾಗುವುದು ಗಾಳಿ ಹೋದ ಗಾಡಿಗೆ.

ಚಿಕ್ಕಮ್ಮ ಕಿಟಕಿಯಿಂದ ತಲೆ ಹೊರಹಾಕಿ ನೋಡಿದರು. ಟೇಪು ಮನೆಯಲ್ಲಿ ಪೂಜೆಗೆ ಕೂತಿತ್ತು. ಅವರ ಕಣ್ಣಿಗೆ ಟೇಪು ಬೇಕಾಗುವುದಿಲ್ಲ.

"ಎಂಟೂವರೆ, ಒಂಬತ್ತು" ಎಂದರು. ಅಷ್ಟೇ. ಕೂತಾಗಿನ ಅಳತೆಯ ಮಾತು ಅವರು ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತು.

ಚಿಕ್ಕಪ್ಪ ಒಂದು ಚಪ್ಪಟೆ ಕಲ್ಲು ಹುಡುಕಿ ತಂದು ಚಕ್ರದ ಹಿಂದೆ ಇಟ್ಟು, ಗಾಡಿಯನ್ನು ಅದರ ಮೇಲೆ ಹತ್ತಿಸಲು ನೋಡಿದರು. ಚಕ್ರ ಜಾರಿ ಇನ್ನಷ್ಟು ಹೂತಿತು. ಪೂಜೆಗೆ ಇಳಿಸಲು ಮರೆತು ಸೀಟಿನಡಿಯಲ್ಲೇ ಉಳಿದಿದ್ದ, ಚಕ್ರ ಬಿಚ್ಚುವ ಪಾನದ ತುದಿಯಿಂದ ಕೆದರಿದರು. ಮೇಲೆ ಕೆಸರು, ಕೆಳಗೆ ಗಟ್ಟಿ ಗರಸು. ಪಾನ ಗೀರು ಎಳೆಯಿತೇ ಹೊರತು ಅಗೆಯಲಿಲ್ಲ.

"ಗುದ್ದಲಿ ಎಲ್ಲೈತೆ?" ಎಂದು ಕೇಳಿದವರು ನನ್ನ ಮುಖ ನೋಡಿ, ಉತ್ತರಕ್ಕೆ ಕಾಯದೆ ಮತ್ತೆ ಬಗ್ಗಿದರು.

ಹಳ್ಳದ ತಗ್ಗಿನಲ್ಲಿ ಫೋನಿಗೆ ಸಿಗ್ನಲ್ ಇರುವುದಿಲ್ಲ. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಮನೆಯ ಕಡೆ ಓಡಿದೆ. ಒಂದೂವರೆ ಕಿಲೋಮೀಟರು. ದಾರಿಯಲ್ಲಿ ಮೂರು ಮನೆಗಳ ಅಂಗಳದಲ್ಲಿ ಟ್ರ್ಯಾಕ್ಟರು, ಬೈಕುಗಳಿಗೆ ಬಾಳೆಕಂದು ಕಟ್ಟುತ್ತಿದ್ದರು. ಒಬ್ಬರು, "ಏನಮ್ಮ, ಹಬ್ಬದ ದಿನ ಓಟದ ಪಂದ್ಯವಾ" ಎಂದರು. ನಿಂತು ಹೇಳುವಷ್ಟು ಉಸಿರಿರಲಿಲ್ಲ. ಓಡುತ್ತಾ ಹೆಜ್ಜೆ ಎಣಿಸುತ್ತಿದ್ದೆ. ಆರುನೂರರ ಆಸುಪಾಸಿನಲ್ಲಿ ಲೆಕ್ಕ ತಪ್ಪಿತು. ಮತ್ತೆ ಒಂದರಿಂದ ಶುರು ಮಾಡಿದೆ.

ಅಜ್ಜಿ ಬಾಗಿಲಲ್ಲೇ ಇದ್ದರು. ನನ್ನ ಕಾಲಿನ ಕೆಸರು ನೋಡಿ ಒಳಗೆ ಹೋದರು. ಹೂವು ಬಿದ್ದುಹೋಗದ ಹಾಗೆ ಗುದ್ದಲಿಯನ್ನೂ ಹಲಗೆಯನ್ನೂ ತಾವೇ ಎತ್ತಿ ನನ್ನ ಕೈಗಿಟ್ಟರು.

"ಬೆಳಿಗ್ಗೆ ನಾನು ಬೇಡ ಅನ್ಬಾರ್ದಿತ್ತು."

"ನಾನೂ ಒಂದೇ ಸಾಕು ಅಂದ್ಕಂಡೆ ಅಜ್ಜಿ."

"ಹೋಗು. ದೇವಿ ಕೇಳಿದ್ರೆ ನಾನು ಹೇಳ್ಕಂತೀನಿ."

ಮರಳಿ ತಲುಪಿದಾಗ ಏಳು ಹದಿನೈದು. ಚಿಕ್ಕಮ್ಮ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಚಿಕ್ಕಪ್ಪ ಗುದ್ದಲಿಯಿಂದ ಗರಸು ಅಗೆದರು, ನಾನು ಕೈಯಿಂದ ಬಾಚಿ ತೆಗೆದೆ. ಹಲಗೆ ಇಟ್ಟು, ಅದರ ಮೇಲೆ ಜಾಕ್ ಇಟ್ಟು ಒತ್ತಿದಾಗ ಒಂದೇ ಸಲಕ್ಕೆ ಎತ್ತಿತು. ಜಾಕಿನಲ್ಲಿ ಯಾವ ದೋಷವೂ ಇರಲಿಲ್ಲ. ಸ್ಟೆಪ್ನಿ ಹಾಕಿ ಹೊರಟಾಗ ಎಂಟು ಗಂಟೆ ಐದು ನಿಮಿಷ. ಶಿರಾಳಕೊಪ್ಪ ದಾಟಿದ ಮೇಲೆ ಚಿಕ್ಕಪ್ಪ, "ಕೈ ತೊಳ್ಕಂಡು ಒಳಗೆ ಹೋಗು" ಎಂದರು.

ಆಸ್ಪತ್ರೆ ಮುಟ್ಟಿದಾಗ ಒಂಬತ್ತೂ ಇಪ್ಪತ್ತು. ನರ್ಸಮ್ಮ ಬೈಯಲಿಲ್ಲ. ಹಾಸಿಗೆ ಖಾಲಿಯೇ ಇಟ್ಟಿದ್ದರು.

"ಹನ್ನೊಂದೂವರೆಗೆ ಪಾಳಿ ಮುಗೀತದೆ. ಎರಡು ಗಂಟೆ ಹಾಕ್ತೀನಿ ಕಣವ್ವ. ಅದಕ್ಕಿಂತ ನನ್ ಕೈಲಿ ಇಲ್ಲ."

ಮೊದಲಿನ ತೂಕ ಐವತ್ಮೂರು ಕೆಜಿ ನೂರು ಗ್ರಾಂ. ಇಳಿಯಬೇಕಾದ್ದು ಐವತ್ತೂವರೆಗೆ. ಆಮೇಲಿನ ತೂಕ ಐವತ್ತೊಂದು ಕೆಜಿ ಒಂಬೈನೂರು. ಒಂದು ಕೆಜಿ ನಾನೂರು ಗ್ರಾಂ ನೀರನ್ನು ಮೈಯಲ್ಲೇ ಇಟ್ಟುಕೊಂಡು ಚಿಕ್ಕಮ್ಮ ಮನೆಗೆ ಬಂದರು. ಷರಾದ ಕಾಲಂ ಖಾಲಿ ಬಿಟ್ಟೆ. ಏನು ಬರೆದರೂ ಅದು ನೆಪವಾಗುತ್ತಿತ್ತು.

ಆ ಮೂರು ದಿನ ನನ್ನಿಂದ ಆದದ್ದು ಲೋಟ ಎಣಿಸುವುದು ಮಾತ್ರ. ದಿನಕ್ಕೆ ನಾಲ್ಕು ಸಣ್ಣ ಲೋಟ ನೀರಿಗೆ ಒಪ್ಪಿಗೆ ಇತ್ತು. ಗುರುವಾರ ಅವರು ಕುಡಿದದ್ದು ಎರಡು. ಶುಕ್ರವಾರ ಒಂದು. ಚಪ್ಪಟೆ ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಎರಡು ದಿಂಬು ಆನಿಸಿ ಕೂತೇ ನಿದ್ದೆ ಮಾಡಿದರು. ಗುರುವಾರ ಬನ್ನಿ ಕೊಡಲು ಬಂದ ಹೆಂಗಸರ ಜೊತೆ ನಗುತ್ತಲೇ ಮಾತಾಡಿದರು. ಮಾತಿನ ನಡುವೆ ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಿದ್ದುದು ಅವರಿಗೆ ಗೊತ್ತಾಗಲಿಲ್ಲವೇನೋ. ನನಗೆ ಗೊತ್ತಾಗುತ್ತಿತ್ತು. ನಾನು ತುಟಿ ಒದ್ದೆ ಮಾಡಲು ಬಟ್ಟೆ ಅದ್ದಿ ಕೊಟ್ಟರೆ, "ಇದನ್ನೂ ಬರಿತೀಯೇನೇ, ಕಾಲು ಚಮಚ ಅಂತ" ಎಂದರು.

"ನನ್ನ ತಪ್ಪು ಚಿಕ್ಕಮ್ಮ" ಎಂದೆ.

"ಬಿದಿರು ಕಡಿದಿದ್ದು ನೀನಾ?"

"ಜಾಕ್ ಆರ್ಸಿದ್ದು ನಾನು."

"ಮೊದ್ಲನೇ ರವಿಕೆ ಯಾರ್ದೂ ಸರಿ ಬರಲ್ಲ ಮಾರಾಯ್ತಿ. ನನ್ನ ಮೊದ್ಲನೇದು ನಿಮ್ಮಜ್ಜಿದು. ಕೈಯೇ ತೂರಲಿಲ್ಲ. ಇನ್ನೂ ಇಟ್ಕಂಡಿದಾರೆ, ಬೈಯೋಕೆ."

ರವಿಕೆಯ ಹೊಲಿಗೆ ಬಿಚ್ಚಿ ಮತ್ತೆ ಹಾಕಬಹುದು ಎಂದು ಬಾಯಿಗೆ ಬಂತು. ಬಟ್ಟೆಯನ್ನು ಮತ್ತೆ ಅದ್ದಿ ಹಿಂಡಿದೆ.

ಶನಿವಾರ ನಾವು ಐದಕ್ಕೇ ಹೊರಟೆವು. ಹಳ್ಳದ ಹತ್ತಿರ ಚಿಕ್ಕಪ್ಪ ಗಾಡಿ ನಿಲ್ಲಿಸಿ, ಬ್ಯಾಟರಿ ಹಿಡಿದು ನಡೆದುಹೋಗಿ ದಾರಿ ನೋಡಿಕೊಂಡು ಬಂದರು. ಪಾಳಿಗೆ ಮುಕ್ಕಾಲು ಗಂಟೆ ಮುಂಚೆಯೇ ಆಸ್ಪತ್ರೆಯ ಮೆಟ್ಟಿಲ ಮೇಲಿದ್ದೆವು. ಮೊದಲಿನ ತೂಕ ಐವತ್ಮೂರು ಕೆಜಿ ನಾನೂರು. ನಾಲ್ಕು ಗಂಟೆ ಪೂರ್ತಿ ಸಿಕ್ಕಿತು. ಆ ನಾಲ್ಕು ಗಂಟೆಯ ನಡುವೆ ನಾನು ಅಂಗಡಿಗೆ ಹೋಗಿ ಕುಳ್ಳ ಜಾಕ್ ಕೇಳಿದೆ. ಅಂಗಡಿಯವರು ಕಾರಣ ಕೇಳಲಿಲ್ಲ. ಹಳೇ ಪೇಪರಿನಲ್ಲಿ ಸುತ್ತಿ ಕೊಡುವಾಗ, "ಕಟ್ಟಿಗಿ ತುಂಡು ಐತೇನ್ರೀ ಮನ್ಯಾಗ?" ಎಂದಷ್ಟೇ ಕೇಳಿದರು. ಐತಿ ಎಂದೆ.

ಭಾನುವಾರ ಚಿಕ್ಕಮ್ಮನೇ ಟೇಪು ಹಿಡಿದು ಹೊರಗೆ ಬಂದರು. "ಬಾ, ಕೂರ್ಸಿ ಅಳ್ಯಾಣ."

ಹಿಂದಿನ ಎಡ ಟಯರಿನ ಗಾಳಿ ಪೂರ್ತಿ ಬಿಟ್ಟೆ. ಅವರು ಜಗಲಿಯಿಂದ ಇಳಿದು, ಮುಕ್ಕಾಲಿಯ ಮೇಲೆ ಕೂತು, ತಾವೇ ಬಗ್ಗಿ ಅಳೆದರು. ಒಂಬತ್ತು. ಬಲದ್ದೂ ಒಂಬತ್ತು. ಮುಂದಿನವೆರಡು ಎಂಟೂ ಮುಕ್ಕಾಲು. ಪ್ರತಿ ಸಲವೂ "ಬರಕ" ಎಂದರು. ಶುಂಠಿ ಗದ್ದೆಯಿಂದ ಬಂದ ಚಿಕ್ಕಪ್ಪ ನಾಲ್ಕು ಟಯರೂ ಚಪ್ಪಟೆಯಾಗಿ ಕೂತ ಗಾಡಿಯನ್ನು ನೋಡಿ ಹೆಗಲ ಮೇಲಿನ ಗುದ್ದಲಿ ಇಳಿಸಿದರು.

"ಒಂದೊಂದೇ ಬಿಟ್ಟು ತುಂಬ್ಸಿದ್ರೆ ಆಗ್ತಿರ್ಲಿಲ್ವಾ?"

ಅದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಕಾಲಿನಲ್ಲಿ ತುಳಿಯುವ ಪಂಪಿನಿಂದ ಅವರು, ನಾನು ಸರದಿಯಲ್ಲಿ ಸಂಜೆಯ ತನಕ ಗಾಳಿ ತುಂಬಿದೆವು. ಚಿಕ್ಕಮ್ಮ ತುಳಿತ ಎಣಿಸುತ್ತಾ ಕೂತಿದ್ದರು. ಬೇಕೆಂದೇ ನಡುನಡುವೆ ಹಿಂದಿನ ಸಂಖ್ಯೆಗೆ ಇಳಿಯುತ್ತಿದ್ದರು.

ಮುಗಿದ ಮೇಲೆ ಅವರು ಟೇಪನ್ನು ಸುತ್ತಿಡಲಿಲ್ಲ. ಸೀರೆಯ ಅಂಚು ಸ್ವಲ್ಪ ಎತ್ತಿ, ಬಲಗಾಲಿನ ಹರಡಿನ ಸುತ್ತ ಹಿಡಿದು, ಬೆರಳಿನಿಂದ ಗುರುತು ಒತ್ತಿ ನನಗೆ ತೋರಿಸಿದರು.

"ಬೆಳಿಗ್ಗೆ ಒಂಬತ್ತೂ ಕಾಲು ಇಂಚು ಇತ್ತು. ನಾನೇ ನೋಡ್ಕಂಡಿದ್ದೆ. ಇದನ್ನೂ ಬರಕ."

ಬೆರಳು ಒತ್ತಿದ ಜಾಗದಲ್ಲಿ ಕುಳಿ ಹಾಗೇ ಉಳಿದಿತ್ತು. ಹೊಸ ಕಾಲಂಗೆ ಗೆರೆ ಎಳೆದೆ. ಭಾನುವಾರ ಸಂಜೆ, ಒಂಬತ್ತೂ ಮುಕ್ಕಾಲು. ಬುಧವಾರಕ್ಕೆ ಇನ್ನೂ ಎರಡು ದಿನ ಪೂರ್ತಿ ಇತ್ತು.